ಕಲ್ಲಿನ ಕಾವಲು: ನಿಜಾಮರ ಪುರಾತತ್ವ ಕಚೇರಿಯೂ ನಮ್ಮ ಕನ್ನಡವೂ

ಹೈದರಾಬಾದಿನ ಪಬ್ಲಿಕ್ ಗಾರ್ಡನ್ನಿನಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯಕ್ಕೆ ನಾವು ಮೊದಲ ಸಲ ಹೋದದ್ದು ಮಕ್ಕಳ ಹಟಕ್ಕೆ ಮಣಿದು. ಅಲ್ಲಿ ಈಜಿಪ್ಟಿನ ಮಮ್ಮಿಯೊಂದಿದೆ. ಮಕ್ಕಳಿಗೆ ಬೇಕಾಗಿದ್ದುದು ಅದು. ಎರಡನೆಯ ಸಲ ಹೋದದ್ದು ನಮ್ಮ ಕನ್ನಡ ಬಳಗದ ಹಿರಿಯರೊಬ್ಬರ ಜೊತೆ. ಅವರನ್ನು ಬಳಗದವರೆಲ್ಲ ಕಾಕಾ ಎಂದೇ ಕರೆಯುತ್ತೇವೆ. ರಾಯಚೂರು ಸೀಮೆಯಲ್ಲಿ ಹುಟ್ಟಿ, ನಿಜಾಮರ ಕಾಲದ ಶಾಲೆಯಲ್ಲಿ ಉರ್ದುವಿನಲ್ಲಿ ಓದಿ, ಇದೇ ಊರಿನಲ್ಲಿ ನೌಕರಿ ಮುಗಿಸಿ ನೆಲೆಸಿದವರು.

ಅಜಂತೆಯ ಚಿತ್ರಗಳ ಪ್ರತಿಗಳನ್ನಿಟ್ಟ ವಿಭಾಗದಲ್ಲಿ ನಿಂತು ನಾವು ಆ ಕಾಲದ ಪುರಾತತ್ವ ಇಲಾಖೆಯ ಕೆಲಸವನ್ನು ಮನಸಾರೆ ಹೊಗಳಿದೆವು. ಮಸ್ಕಿಯ ಶಾಸನವನ್ನು ಮೊದಲು ಪ್ರಕಟಿಸಿದವರೂ ಇವರೇ ಅಲ್ಲವೇ ಎಂದೆವು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಖರೇ ಅದ. ಆದ್ರ ಒಂದು ಮಾತು ನೆನಪಿಡ್ರಿ. ಕಲ್ಲಿನ ಮ್ಯಾಲಿನ ಕನ್ನಡಕ್ಕ ಸರ್ಕಾರದ ಪಗಾರ ಇತ್ತು. ನಮ್ಮ ಬಾಯಾಗಿನ ಕನ್ನಡಕ್ಕ ಇದ್ದಿದ್ದಿಲ್ಲ.”

ಈ ಮಾತಿಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನಮಗೆ, ಒಂದು ಕಚೇರಿ ಪರಂಪರೆಯನ್ನು ಹೇಗೆ ಕಾಯುತ್ತದೆ, ಎಲ್ಲಿ ಸೋಲುತ್ತದೆ ಎಂಬ ಪ್ರಶ್ನೆ ಅಂದಿನಿಂದ ಬೆನ್ನು ಬಿಡಲಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನುಹತ್ತಿ ಹೋದದ್ದರ ಫಲ.

ನಿಜಾಮರ ರಾಜ್ಯವು ಸುಮಾರು 82,000 ಚದರ ಮೈಲಿಗಳ ದೊಡ್ಡ ಸಂಸ್ಥಾನ. ಪ್ರಜೆಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ತೆಲುಗರು, ಕಾಲುಭಾಗ ಮರಾಠಿಗರು. ಉಳಿದವರಲ್ಲಿ ಕನ್ನಡಿಗರೂ ಉರ್ದು ಮಾತಾಡುವವರೂ ಹೆಚ್ಚುಕಡಿಮೆ ಸಮಸಮ. ಬೀದರ, ಗುಲಬರ್ಗಾ, ರಾಯಚೂರು ಎಂಬ ಮೂರು ಜಿಲ್ಲೆಗಳು ಕನ್ನಡದವು. ಭೂಪಟದಲ್ಲಿ ಇವು ಸಂಸ್ಥಾನದ ಅಂಚು. ಕನ್ನಡದ ಚರಿತ್ರೆಯಲ್ಲಾದರೋ ಹೃದಯಭಾಗ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವು ಗುಲಬರ್ಗಾ ಜಿಲ್ಲೆಯ ಮಳಖೇಡ. ಚಾಲುಕ್ಯರ ಕಲ್ಯಾಣ, ಶರಣರ ಕಲ್ಯಾಣ, ಬೀದರ ಸೀಮೆಯಲ್ಲಿ. ರಾಷ್ಟ್ರಕೂಟ ಕೃಷ್ಣನ ಹೆಸರಿಗೆ ಸೇರಿದ ಎಲ್ಲೋರದ ಕೈಲಾಸ ದೇವಾಲಯವೂ ಇದೇ ಸಂಸ್ಥಾನದ ಔರಂಗಾಬಾದ್ ಜಿಲ್ಲೆಯಲ್ಲಿ. ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳನ್ನೇ ನೋಡಿದರೂ ಸಾಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಟ್ಟದಕಲ್ಲು ಮತ್ತು ಒಕ್ಕುಂದ ಮುಂಬಯಿ ಪ್ರಾಂತದಲ್ಲಿದ್ದವು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿತ್ತು, ಕೊಪ್ಪಳ ನಿಜಾಮರ ರಾಜ್ಯದೊಳಗಿನ ಸಾಲಾರ್ ಜಂಗ್ ಜಹಗೀರಿಯಲ್ಲಿತ್ತು. ತಿರುಳು ಒಂದೇ ಆದರೂ ಅದನ್ನು ಕಾಯಬೇಕಾದ ಕಚೇರಿಗಳು ಬೇರೆ ಬೇರೆ.

ಮೈಸೂರಿನಲ್ಲಿ ಪುರಾತತ್ವ ಇಲಾಖೆ ಹುಟ್ಟಿದ್ದು 1885ರಲ್ಲಿ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ತಂದರು. ಅವರ ತರುವಾಯ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ಕರ್ನಾಟಕ ಕವಿಚರಿತೆಯ ಕರ್ತೃಗಳೂ ಹೌದು. ಕಲ್ಲನ್ನು ಓದುವವರೂ ಕಾವ್ಯವನ್ನು ಓದುವವರೂ ಅಲ್ಲಿ ಒಬ್ಬರೇ ಆಗಿದ್ದರು. ಹೈದರಾಬಾದಿಗೆ ಆ ಭಾಗ್ಯವಿರಲಿಲ್ಲ. ಇಲ್ಲಿ ಇಲಾಖೆ ಸ್ಥಾಪನೆಯಾದದ್ದು 1914ರಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲಕ್ಕೆ. ಅದರ ಹೊಣೆ ಹೊತ್ತವರು ದೆಹಲಿಯ ಗುಲಾಂ ಯಜ್ದಾನಿ. 1885ರಲ್ಲಿ ಹುಟ್ಟಿದ ಅವರಿಗೆ ಆಗ ಮೂವತ್ತು ಕೂಡ ತುಂಬಿರಲಿಲ್ಲ. 1943ರವರೆಗೆ ಅವರೇ ಇಲಾಖೆಯನ್ನು ನಡೆಸಿದರು. ಅವರು ಅರಬ್ಬಿ ಮತ್ತು ಫಾರ್ಸಿ ಶಾಸನಗಳ ವಿದ್ವಾಂಸರು. ಕನ್ನಡ ಅವರ ಅಧ್ಯಯನದ ಕ್ಷೇತ್ರವಾಗಿರಲಿಲ್ಲ. ಕಚೇರಿಯ ಭಾಷೆ ಉರ್ದು ಮತ್ತು ಇಂಗ್ಲಿಷ್.

ಹೀಗಿರುವಾಗ 1915ರ ಜನವರಿಯಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಸಂಗತಿ ನಡೆಯಿತು. ಚಿನ್ನದ ನಿಕ್ಷೇಪವನ್ನು ಅರಸುತ್ತ ಓಡಾಡುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ ದೇಶದುದ್ದಗಲಕ್ಕೂ ಧರ್ಮಲಿಪಿಗಳು ಸಿಕ್ಕಿದ್ದವು. ಅವುಗಳಲ್ಲಿ ಅರಸನು ತನ್ನನ್ನು ದೇವಾನಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಕರೆದುಕೊಂಡಿದ್ದನೇ ಹೊರತು ಹೆಸರು ಹೇಳಿರಲಿಲ್ಲ. ಅವನೇ ಅಶೋಕನೆಂಬುದು ಸಿಂಹಳದ ಗ್ರಂಥಗಳ ಬಲದಿಂದ ಮಾಡಿದ ನಿರ್ಣಯವಾಗಿತ್ತು. ಮಸ್ಕಿಯ ಬಂಡೆ ಅಶೋಕ ಎಂಬ ಹೆಸರನ್ನೇ ಹೇಳಿತು. ಎಪ್ಪತ್ತೆಂಟು ವರ್ಷಗಳ ಊಹೆಗೆ ಕನ್ನಡ ನೆಲದ ಒಂದು ಗುಡ್ಡ ಸಾಕ್ಷಿ ನುಡಿಯಿತು.

ಆಗಷ್ಟೇ ಹುಟ್ಟಿದ ಆ ಚಿಕ್ಕ ಕಚೇರಿ ಮುಂದೆ ಏನು ಮಾಡಿತು ಎಂಬುದು ನಮ್ಮಂಥ ನೌಕರರಿಗೆ ಹೆಚ್ಚು ಕುತೂಹಲದ ವಿಷಯ. ತನ್ನಿಂದ ಆಗದ ಕೆಲಸವನ್ನು ತಾನೇ ಮಾಡುತ್ತೇನೆಂದು ಅದು ಹಿಡಿದುಕೊಂಡು ಕೂರಲಿಲ್ಲ. ಬೀರುವಿನಲ್ಲಿಟ್ಟು ಮರೆಯಲೂ ಇಲ್ಲ. ಭಾರತ ಸರ್ಕಾರದ ಶಾಸನ ವಿಭಾಗದಲ್ಲಿ ದುಡಿಯುತ್ತಿದ್ದ ಹೊಸಕೋಟೆಯ ಎಚ್. ಕೃಷ್ಣಶಾಸ್ತ್ರಿಗಳಿಗೆ ಆ ಕೆಲಸವನ್ನು ಒಪ್ಪಿಸಿತು. ಶಾಸ್ತ್ರಿಗಳ ಪಾಠ ಅದೇ 1915ರಲ್ಲಿ ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್ ಎಂಬ ಮಾಲೆಯ ಮೊದಲನೆಯ ಪ್ರಕಟಣೆಯಾಗಿ ಹೊರಬಂತು. ಶೋಧವಾದ ವರ್ಷದಲ್ಲಿಯೇ ಅಚ್ಚು! ಇಂದು ಒಂದು ಟೆಂಡರು ಮುಗಿಯಲು ಹಿಡಿಯುವ ಕಾಲವನ್ನು ಬಲ್ಲ ಓದುಗರಿಗೆ ಇದರ ಬೆಲೆ ತಿಳಿದೀತು. ಮೈಸೂರು ಸೀಮೆಯ ಊರಿನವರೊಬ್ಬರು, ಕೇಂದ್ರ ಸರ್ಕಾರದ ನೌಕರರಾಗಿ ಹೊರನಾಡಿನಲ್ಲಿದ್ದು, ನಿಜಾಮರ ನೆಲದ ಕಲ್ಲನ್ನು ಜಗತ್ತಿಗೆ ಓದಿ ಹೇಳಿದರೆಂಬುದು ನಮಗೆ ವಿಶೇಷ ಸಂತೋಷದ ವಿಷಯ.

ಇದೇ ಪದ್ಧತಿ ಮುಂದುವರಿಯಿತು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಎನ್. ಬಿ. ಶಾಸ್ತ್ರಿ ಎಂಬುವರು ಅಶೋಕನ ಇನ್ನೆರಡು ಶಾಸನಗಳನ್ನು ಗುರುತಿಸಿದರು. ಮರುವರ್ಷವೇ ಭಾಷಾವಿಜ್ಞಾನಿ ಆರ್. ಎಲ್. ಟರ್ನರ್ ಅವರ ಪರಿಷ್ಕರಣದೊಡನೆ ಅವು ಅದೇ ಮಾಲೆಯಲ್ಲಿ ಪ್ರಕಟವಾದವು. ಕೊಪ್ಪಳದ ಕನ್ನಡ ಶಾಸನಗಳನ್ನು ಸಿ. ಆರ್. ಕೃಷ್ಣಮಾಚಾರ್ಲು ಸಂಪಾದಿಸಿ 1935ರಲ್ಲಿ ಹೊರತಂದರು. ಅದಕ್ಕೂ ಮುಂಚೆ, 1928ರಲ್ಲಿ, ಅವರದೇ ಸಂಪಾದನೆಯಲ್ಲಿ ನಾಗಾವಿಯ ಶಾಸನಗಳು ಬಂದಿದ್ದವು.

ನಾಗಾವಿಯ ಹತ್ತಿರ ಒಂದು ಕ್ಷಣ ನಿಲ್ಲಬೇಕು. ಚಿತ್ತಾಪುರದ ಬಳಿಯ ಈ ಊರು ಇಂದು ಪಾಳುಬಿದ್ದ ಮಂಟಪಗಳ ನೆಲೆ. ಹನ್ನೊಂದನೆಯ ಶತಮಾನದಲ್ಲಿ ಅದೊಂದು ಘಟಿಕಾಸ್ಥಾನ, ದೊಡ್ಡ ವಿದ್ಯಾಕೇಂದ್ರ. ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನವೊಂದು ಅಲ್ಲಿ ವೇದ ಕಲಿಯುವ ಇನ್ನೂರು ವಿದ್ಯಾರ್ಥಿಗಳಿಗೂ, ಶಾಸ್ತ್ರ ಕಲಿಯುವವರಿಗೂ, ಅವರ ಗುರುಗಳಿಗೂ ಮಾಡಿದ ಏರ್ಪಾಡನ್ನು ವಿವರಿಸುತ್ತದೆ. ಆ ಪಟ್ಟಿಯಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗಳೂ ಇದ್ದಾರೆ. ಪುಸ್ತಕಗಳನ್ನು ಕಾಯುವುದೇ ಅವರ ಕೆಲಸ. ಅದಕ್ಕಾಗಿ ಅವರಿಗೆ ಭೂಮಿ. ತಾವು ಓದುವವರಲ್ಲ, ಪಾಠ ಹೇಳುವವರೂ ಅಲ್ಲ. ಓದುವವರು ಬಂದಾಗ ಓಲೆಗರಿ ಹುಳು ಹಿಡಿಯದೆ ಇರಬೇಕು, ಅಷ್ಟೇ. ವಿದ್ಯೆಗೆ ಕಾವಲುಗಾರನೂ ಬೇಕು, ಕಾವಲುಗಾರನಿಗೆ ಜೀವನವೂ ಬೇಕು ಎಂದು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನಲ್ಲಿ ಬಲ್ಲವರಿದ್ದರು. ಆ ಭಂಡಾರಿಗಳ ಸುದ್ದಿಯನ್ನು ನಮಗೆ ತಲುಪಿಸಿದ್ದು ಇನ್ನೊಂದು ಬಗೆಯ ಭಂಡಾರಿಗಳ ಕಚೇರಿ.

ಇಂಥ ಕಚೇರಿಯ ದಿನನಿತ್ಯದ ಕೆಲಸ ಅದರ ವಾರ್ಷಿಕ ವರದಿಗಳಲ್ಲಿ ಕಾಣುತ್ತದೆ. ಮೊದಲನೆಯ ವರದಿ 1914–15ರದು; ಮುಖಪುಟದಲ್ಲಿ 1324 ಫಸಲಿ ಎಂದೂ ಇದೆ. ಇಂಗ್ಲಿಷ್ ಸಾಹಿತ್ಯವನ್ನು ಓದಿದ ನಮಗೆ ಈ ವರದಿಗಳ ಗದ್ಯದಲ್ಲಿ ಆಡಂಬರದ ಅಭಾವವೇ ಮೊದಲು ಕಂಡಿತು. ಯಾವ ಕಟ್ಟಡಕ್ಕೆ ಯಾವ ದುರಸ್ತಿ, ಎಷ್ಟು ಖರ್ಚು, ಯಾವ ಶಾಸನದ ಅಚ್ಚು ತೆಗೆಯಲಾಯಿತು, ಎಷ್ಟು ಛಾಯಾಚಿತ್ರ, ಯಾವ ನಾಣ್ಯ ಎಲ್ಲಿಂದ ಬಂತು: ಇವೇ ವಿಷಯಗಳು. ಬ್ರಿಟಿಷ್ ಇಂಡಿಯಾದಲ್ಲಿ 1904ರಲ್ಲಿಯೇ ಪ್ರಾಚೀನ ಸ್ಮಾರಕಗಳ ಕಾಯಿದೆ ಬಂದಿದ್ದರೂ ಅದು ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಹೈದರಾಬಾದಿನದೇ ಆದ ಕಾಯಿದೆ ಬಂದದ್ದು 1337 ಫಸಲಿಯಲ್ಲಿ, ಎಂದರೆ 1927–28ರಲ್ಲಿ. ಅಂದರೆ ಮೊದಲ ಹದಿಮೂರು ವರ್ಷ ಇಲಾಖೆ ದುಡಿದದ್ದು ಅಂಥ ಕಾಯಿದೆಯ ಬಲವಿಲ್ಲದೆ.

ಬೀದರದಲ್ಲಿ ಈ ದುಡಿಮೆಯ ಗುರುತು ಇಂದಿಗೂ ಇದೆ. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ 1696ರಲ್ಲಿ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಬಹುಪಾಲನ್ನು ಕಳೆದುಕೊಂಡಿತ್ತು. ಅದನ್ನು ಹೊಸದಾಗಿ ಕಟ್ಟಿ ಅಂದಗೊಳಿಸುವ ಆಸೆಗೆ ಯಾರೂ ಬಲಿಯಾಗಲಿಲ್ಲ. ಉಳಿದದ್ದನ್ನು ಗಟ್ಟಿಮಾಡಬೇಕು, ಬಿದ್ದದ್ದನ್ನು ಕಲ್ಪಿಸಿ ಕಟ್ಟಬಾರದು ಎಂಬುದು ಆ ಕಾಲದ ಸಂರಕ್ಷಣೆಯ ನೀತಿ. ಸರ್ ಜಾನ್ ಮಾರ್ಷಲ್ ಅದನ್ನು 1923ರ ತಮ್ಮ ಕೈಪಿಡಿಯಲ್ಲಿ ವಿಧಿಸಿದ್ದಾರೆ. ಒಂಟಿ ಮಿನಾರು, ಅದರ ಮೇಲಿನ ಬಣ್ಣದ ಹೆಂಚುಗಳ ಚೂರುಗಳು ಈ ಸಂಯಮದಿಂದಾಗಿಯೇ ನಮಗೆ ಉಳಿದಿವೆ. ಯಜ್ದಾನಿಯವರು ಬೀದರದ ಚರಿತ್ರೆ ಮತ್ತು ಸ್ಮಾರಕಗಳ ಮೇಲೆ ಬರೆದ ದೊಡ್ಡ ಗ್ರಂಥ 1947ರಲ್ಲಿ ಪ್ರಕಟವಾಯಿತು. ಇಲಾಖೆ ಮುಸ್ಲಿಮರ ಕಟ್ಟಡಗಳನ್ನು ಮಾತ್ರ ನೋಡಿಕೊಂಡಿತೆಂದು ಭಾವಿಸುವುದು ತಪ್ಪಾದೀತು. ಓರುಗಲ್ಲು ಸೀಮೆಯ ಪಾಲಂಪೇಟದ ದೇವಾಲಯಗಳ ಮೇಲೆ ಯಜ್ದಾನಿ 1922ರಲ್ಲಿ ಪುಸ್ತಕ ಬರೆದರು. ಅಲ್ಲಿನ ರಾಮಪ್ಪ ಗುಡಿ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಎಲ್ಲವೂ ಸರಿಯಾಯಿತೆಂದು ಹೇಳಲಾಗದು. ಅಜಂತೆಯ ಚಿತ್ರಗಳನ್ನು ನಕಲು ಮಾಡುವ ಪ್ರಯತ್ನಗಳಿಗೆ ದುರದೃಷ್ಟ ಬೆನ್ನುಹತ್ತಿತ್ತು: ರಾಬರ್ಟ್ ಗಿಲ್ ಬರೆದ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು, ಮುಂದೆ ಗ್ರಿಫಿತ್ಸ್ ತಂಡದ ಹಲವು ಪ್ರತಿಗಳೂ ಲಂಡನ್ನಿನಲ್ಲಿಯೇ 1885ರಲ್ಲಿ ಸುಟ್ಟುಹೋದವು. ಮೂಲವನ್ನೇ ಉಳಿಸಬೇಕೆಂದು ನಿಜಾಮ ಸರ್ಕಾರ 1920ರಲ್ಲಿ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸೀನಿ ಎಂಬ ತಜ್ಞರನ್ನು ಕರೆಸಿತು. ಗೋಡೆಯಿಂದ ಕಿತ್ತುಬರುತ್ತಿದ್ದ ಗಾರೆಯನ್ನು ಅವರು ಅಂಟಿಸಿ ನಿಲ್ಲಿಸಿದರು. ಅವರಿಲ್ಲದಿದ್ದರೆ ಎಷ್ಟೋ ಚಿತ್ರ ಪುಡಿಯಾಗಿ ಉದುರುತ್ತಿತ್ತು. ಆದರೆ ಮೇಲೆ ಬಳಿದ ಅರಗಿನ ಲೇಪ ಕಾಲ ಕಳೆದಂತೆ ಹಳದಿಗೆ ತಿರುಗಿ ಬಣ್ಣಗಳನ್ನು ಮುಸುಕಿತು. ಅದನ್ನು ತೆಗೆಯುವ ಸೂಕ್ಷ್ಮ ಕೆಲಸ ನಂತರದ ತಲೆಮಾರಿನ ರಸಾಯನ ತಜ್ಞರ ಪಾಲಿಗೆ ಬಂತು. ಕಾಯುವ ಕೈ ಕೂಡ ತಪ್ಪು ಮಾಡುತ್ತದೆ. ಮಾಡಿದ್ದನ್ನು ಬರೆದಿಟ್ಟಿದ್ದರೆ ತಿದ್ದುವವರಿಗೆ ದಾರಿಯಿರುತ್ತದೆ.

ಈಗ ಕಾಕಾ ಅವರ ಮಾತಿಗೆ ಬರೋಣ. ಇದೇ ಉಸ್ಮಾನ್ ಅಲಿ ಖಾನರ ಸರ್ಕಾರ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ವೈದ್ಯ, ಎಂಜಿನಿಯರಿಂಗ್ ಮೊದಲಾದ ಉನ್ನತ ವಿದ್ಯೆಗಳನ್ನು ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದರಲ್ಲಿ ಕಲಿಸಲು ಹೊರಟದ್ದು ನಿಜಕ್ಕೂ ದೊಡ್ಡ ಸಾಹಸ. ಆದರೆ ಆ ಭಾಷೆ ಉರ್ದು. ಎಂಟರಲ್ಲಿ ಏಳು ಪಾಲು ಪ್ರಜೆಗಳ ಮನೆಮಾತು ಅದಲ್ಲ. ಕನ್ನಡದ ಹುಡುಗನಿಗೆ ಓದು ಮೇಲಕ್ಕೆ ಹೋದಂತೆಲ್ಲ ತನ್ನ ನುಡಿ ಹಿಂದೆ ಉಳಿಯುತ್ತಿತ್ತು. ಗುಲಬರ್ಗಾದಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ, 1928ರ ಗುಲಬರ್ಗಾ ಮತ್ತು 1934ರ ರಾಯಚೂರು ಸಾಹಿತ್ಯ ಸಮ್ಮೇಳನಗಳು, ಇವೆಲ್ಲ ಜನರೇ ಕೈಯಾರೆ ಹಚ್ಚಿಟ್ಟುಕೊಂಡ ದೀಪಗಳು.

ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವಿಚಿತ್ರವೆನಿಸುತ್ತದೆ. ನಾಗಾವಿಯ ಕನ್ನಡ ಶಾಸನಗಳು ಸರ್ಕಾರದ ಖರ್ಚಿನಲ್ಲಿ ಅಚ್ಚಾದ 1928ರಲ್ಲಿಯೇ, ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಅದೇ ಜಿಲ್ಲೆಯಲ್ಲಿ ಸೇರಿದ್ದ ಕನ್ನಡಿಗರು ತಮ್ಮ ಭಾಷೆಯ ಅಳಿವು ಉಳಿವನ್ನು ಯೋಚಿಸುತ್ತಿದ್ದರು. ಒಂದೇ ಸರ್ಕಾರದ ಒಂದು ಕಚೇರಿಗೆ ಕನ್ನಡವು ಪುರಾತನ ವಸ್ತು, ಇನ್ನೊಂದು ಕಚೇರಿಗೆ ಆಡಳಿತದ ತೊಡಕು. ಪುರಾತತ್ವ ಇಲಾಖೆಯ ಅಧಿಕಾರಿಗಳು ಇದಕ್ಕೆ ಹೊಣೆಯಲ್ಲ; ಶಿಕ್ಷಣ ಅವರ ಖಾತೆಯಲ್ಲ. ಆದರೂ ಕಾಕಾ ಹೇಳಿದ್ದು ಸತ್ಯ. ಸತ್ತವರ ಕನ್ನಡಕ್ಕೆ ಸಿಕ್ಕ ಗೌರವ ಬದುಕಿದ್ದವರ ಕನ್ನಡಕ್ಕೆ ಸಿಗಲಿಲ್ಲ.

1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1951ರ ಕಾಯಿದೆಯಿಂದ ಹಿಂದಿನ ಸಂಸ್ಥಾನಗಳ ಮುಖ್ಯ ಸ್ಮಾರಕಗಳು ರಾಷ್ಟ್ರೀಯ ಮಹತ್ವದವೆಂದು ಘೋಷಿತವಾಗಿ ಕೇಂದ್ರದ ಕೈಗೆ ಬಂದವು. 1956ರ ನವೆಂಬರ್ 1ರಂದು ರಾಜ್ಯವೇ ಮೂರು ಹೋಳಾಯಿತು: ತೆಲಂಗಾಣ ಆಂಧ್ರಪ್ರದೇಶಕ್ಕೆ, ಮರಾಠವಾಡ ಮುಂಬಯಿಗೆ, ನಮ್ಮ ಮೂರು ಜಿಲ್ಲೆಗಳು ಮೈಸೂರಿಗೆ. ಗುಡಿಗಳು, ಕೋಟೆಗಳು ನಿಂತಲ್ಲಿಯೇ ನಿಂತು ರಾಜ್ಯ ಬದಲಿಸಿದವು. 1930ರಲ್ಲಿ ತೆರೆದಿದ್ದ ವಸ್ತುಸಂಗ್ರಹಾಲಯ ಹೈದರಾಬಾದಿನಲ್ಲಿ ಉಳಿಯಿತು. ಯಜ್ದಾನಿಯವರು ತಮ್ಮ ಅಜಂತಾ ಗ್ರಂಥದ ನಾಲ್ಕನೆಯ ಭಾಗವನ್ನು 1955ರಲ್ಲಿಯೂ, ದಖ್ಖನದ ಪ್ರಾಚೀನ ಇತಿಹಾಸದ ಸಂಪುಟಗಳನ್ನು 1960ರಲ್ಲಿಯೂ ಹೊರತಂದು, 1962ರಲ್ಲಿ ತೀರಿಕೊಂಡರು. ಆ ಸಂಪುಟಗಳಲ್ಲಿ ಶಾತವಾಹನರು, ಚಾಲುಕ್ಯರು, ರಾಷ್ಟ್ರಕೂಟರು, ಕಾಕತೀಯರು ಒಟ್ಟಿಗೆ ಇದ್ದಾರೆ. ಅಷ್ಟರಲ್ಲಿ ಅವರ ನೆಲ ಮೂರು ರಾಜ್ಯಗಳಿಗೆ ಹಂಚಿಹೋಗಿತ್ತು. ಮೂರು ರಾಜ್ಯಗಳ ಪಠ್ಯಪುಸ್ತಕಗಳೂ ಆ ಕಚೇರಿಯನ್ನು ತಮ್ಮದೆಂದು ಹೇಳಿಕೊಳ್ಳಲಿಲ್ಲ. ನಿಜಾಮರ ಆಳ್ವಿಕೆಯ ಕಹಿ ಇನ್ನೂ ನಾಲಗೆಯ ಮೇಲಿದ್ದಾಗ ಅದು ಸಹಜವೂ ಆಗಿತ್ತು.

ನಮ್ಮದೇ ಒಂದು ತಪ್ಪನ್ನು ಹೇಳದೆ ಈ ಬರಹ ಮುಗಿಸುವುದು ಪ್ರಾಮಾಣಿಕವಾಗದು. ನಾವು ಕೆಲಸ ಮಾಡುವ ಕಚೇರಿಯ ಹೆಸರು ಇಲ್ಲಿ ಬೇಡ. ಕೆಲವು ವರ್ಷಗಳ ಹಿಂದೆ ಹಳೆಯ ಕಡತಗಳ ವಿಲೇವಾರಿ ನಡೆಯಿತು. ಸರ್ಕಾರಿ ನಿಯಮದಂತೆ ಕಡತಗಳನ್ನು ಎ, ಬಿ, ಸಿ ಎಂದು ವಿಂಗಡಿಸಬೇಕು. ಸಿ ಎಂದರೆ ಅವಧಿ ಮುಗಿದ ಮೇಲೆ ನಾಶಪಡಿಸಬಹುದಾದದ್ದು. ಕಪಾಟಿನ ತಳದಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಉರ್ದು ಕಾಗದಗಳ ಒಂದು ಗಂಟು ಸಿಕ್ಕಿತು. ನಮ್ಮ ವಿಭಾಗದಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ತಿಂಗಳ ಕೊನೆಯ ದಿನ, ಪಟ್ಟಿ ಮೇಲಕ್ಕೆ ಹೋಗಬೇಕು. ಓದಲಾಗದ್ದು ಯಾವ ಉಪಯೋಗಕ್ಕೆ ಎಂದುಕೊಂಡು ಅದನ್ನೂ ಸಿ ವರ್ಗಕ್ಕೆ ಸೇರಿಸಿ ನಾವು ರುಜು ಹಾಕಿದೆವು.

ವಸ್ತುಸಂಗ್ರಹಾಲಯದಿಂದ ಮರಳುವಾಗ ಕಾಕಾ ಅವರ ಮುಂದೆ ಇದನ್ನು ಹೇಳಿಕೊಂಡೆವು. ಅವರು ಬೈಯಲಿಲ್ಲ. “ನನ್ನ ಕಡೆ ಕಳಿಸಿದ್ರ ಓದಿ ಹೇಳ್ತಿದ್ದೆ. ನನಗ ಸಾಲ್ಯಾಗ ಕಲಿಸಿದ್ದೇ ಅದಲ್ಲೇನ್ರಿ” ಎಂದಷ್ಟೇ ಹೇಳಿ ಆಟೋ ಹತ್ತಿದರು.

ಆ ಗಂಟಿನಲ್ಲಿ ಏನಿತ್ತೋ ಇನ್ನು ಯಾರಿಗೂ ತಿಳಿಯದು. ಯಾವುದೋ ಬಾವಿಯ ತಕರಾರಿರಬಹುದು, ಯಾರದೋ ರಜೆಯ ಅರ್ಜಿಯಿರಬಹುದು. ಅದು ಮುಖ್ಯವಲ್ಲ. 1915ರ ಆ ಕಚೇರಿ ತನಗೆ ಓದಲು ಬಾರದ ಬಂಡೆಯ ಮುಂದೆ ನಿಂತು, ಇದನ್ನು ಬಲ್ಲವರು ಯಾರು ಎಂದು ಕೇಳಿತ್ತು. ನಾವು ಹಾಗೆ ಕೇಳಲಿಲ್ಲ. ಬಲ್ಲವರು ಮಾತ್ರ ನಮ್ಮ ಬಳಗದಲ್ಲಿಯೇ, ಪ್ರತಿ ಎರಡನೆಯ ಭಾನುವಾರ ಪಕ್ಕದ ಕುರ್ಚಿಯಲ್ಲಿಯೇ ಕೂರುತ್ತಿದ್ದರು.

ಹೊರನಾಡಿನಲ್ಲಿರುವ ನಾವು ಕನ್ನಡದ ಬಗ್ಗೆ ಅನ್ಯರ ಅನಾದರವನ್ನು ಕುರಿತು ಮಾತಾಡುವುದು ಹೆಚ್ಚು. ನಮ್ಮ ಕೈಗೆ ಬಂದ ಅನ್ಯರ ಸೊತ್ತನ್ನು ನಾವು ಹೇಗೆ ಕಾಯುತ್ತೇವೆ ಎಂಬುದನ್ನು ಕುರಿತು ಮಾತಾಡುವುದು ಕಡಿಮೆ. ಮುಂದಿನ ಸಲ ನಮ್ಮ ಕಚೇರಿಯಲ್ಲಿ ಕಪಾಟು ಖಾಲಿಮಾಡುವ ಸುತ್ತೋಲೆ ಬಂದಾಗ, ಪಟ್ಟಿಯನ್ನು ಮೇಲಕ್ಕೆ ಕಳಿಸುವ ಮುನ್ನ ಕಾಕಾ ಅವರಿಗೆ ಒಂದು ಫೋನು ಮಾಡಬೇಕೆಂದು ನಮ್ಮ ದಿನಚರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇವೆ.